ನಾಲ್ಕು ತಲೆಮಾರಿನ ಬಾಲ

ನನ್ನ ಮುತ್ತಜ್ಜ ಟಾರ್ಕಿಲ್ ಗಿಲ್ಫಿಲನ್ ಸ್ಕಾಟ್‌ಲೆಂಡಿನಿಂದ ಹಡಗು ಹತ್ತಿ ಮರಂಡೂಲಿನ ಈ ಗಾಳಿಗುಡ್ಡಕ್ಕೆ ಬಂದಿಳಿದಾಗ ಅವನ ಕೈಯಲ್ಲಿ ಇದ್ದದ್ದು ಒಂದು ಚಾಕು, ಬಾಯಲ್ಲಿ ಇದ್ದದ್ದು ಒಂದು ಬೈಗುಳ. ಎರಡನ್ನೂ ಅವನು ಸಾಯುವ ತನಕ ಮೊಂಡಾಗಲು ಬಿಡಲಿಲ್ಲ. ಆ ಚಾಕುವಿನಿಂದ ಈ ಸೀಮೆಯ ಕುರಿಮರಿಗಳ ಬಾಲಗಳನ್ನೆಲ್ಲ ಕತ್ತರಿಸಿದ. ಅವನ ಮಗ, ಅಂದರೆ ನನ್ನ ಅಜ್ಜ ಮಂಗೋ (ಹೆಸರು ಕೇಳಿ ನಗುವವರು ಈಗಲೇ ನಕ್ಕು ಮುಗಿಸಿಬಿಡಿ), ಕಾದ ಕಬ್ಬಿಣದಿಂದ ಬಾಲ ಸುಟ್ಟು ತೆಗೆದ. ನಡುವೆ ತನ್ನದೇ ಎರಡು ಬೆರಳು ಕಳೆದುಕೊಂಡ. ಅಪ್ಪ ಫರ್ಗಸ್ ಮತ್ತೆ ಚಾಕುವಿಗೇ ಮರಳಿದ, ಬೈಗುಳಕ್ಕೆ ಮಾತ್ರ ಮರಳಲಿಲ್ಲ. ಆ ಮನುಷ್ಯನಿಗೆ ಮಾತೇ ಇರಲಿಲ್ಲ. ಇನ್ನು ನಾನು, ಡೂಗಲ್ ಗಿಲ್ಫಿಲನ್, ರಬ್ಬರ್ ಉಂಗುರದವನು. ಮರಿಯ ಬಾಲಕ್ಕೆ ಉಂಗುರ ತೊಡಿಸಿಬಿಟ್ಟರೆ ಬಾಲ ತಾನಾಗಿಯೇ ಒಣಗಿ ಉದುರುತ್ತದೆ.

ಕುರಿ ಸಾಕದವರು ಇದನ್ನು ಕ್ರೌರ್ಯ ಅಂದುಕೊಂಡಾರು. ಬಾಲದ ಉಣ್ಣೆ ಹೊಲಸಾಗಿ, ಅದರ ಮೇಲೆ ನೊಣ ಕೂತು, ಹುಳು ಬಿದ್ದು, ಜೀವಂತ ಕುರಿಯನ್ನು ಹಿಂದಿನಿಂದ ತಿಂದು ಮುಗಿಸುವುದನ್ನು ಒಂದು ಸಲ ನೋಡಿದವರು ಹಾಗೆ ಅನ್ನುವುದಿಲ್ಲ. ಬಾಲ ಹೋದರೆ ಕುರಿ ಉಳಿಯಿತು. ಊರಿನವರು ಸೊಕ್ಕಿದವರ ಬಾಲ ಕತ್ತರಿಸುವ ಮಾತಾಡುತ್ತಾರೆ. ನಾವು ಮಾತಾಡಿದವರಲ್ಲ, ಕತ್ತರಿಸಿದವರು!

ಈ ಚಳಿಗಾಲ ಕುರಿಗಳು ಈಯುವ ಹಂಗಾಮು ಶುರುವಾದಾಗ ನಾನು ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದೆ: "ಬ್ರೈಡೀ, ಬರೆದಿಟ್ಟುಕೋ! ಈ ಸಲ ನಮ್ಮ ಹಿಂಡಿನಲ್ಲಿ ಬಾಲವೇ ಇಲ್ಲದ ಮರಿ ಹುಟ್ಟುತ್ತೆ!"

ನನ್ನ ಹೆಂಡತಿ ಬ್ರೈಡಿ ಚಹಾದ ಜೊತೆ ತಿನ್ನುವ ಬನ್ನಿನಂಥ ಸ್ಕೋನ್‌ಗೆ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಯಾಕೆ, ದರ್ಜಿಗೆ ಹೇಳಿ ಹೊಲಿಸಿದೀಯಾ?"

"ನಾಲ್ಕು ತಲೆಮಾರು ಕತ್ತರಿಸಿದೀವಿ ಕಣೇ! ಎಷ್ಟು ಅಂತ ಬೆಳೆಸುತ್ತೆ ಪ್ರಕೃತಿ? ಬೇಡ ಬೇಡ ಅಂತ ಅಷ್ಟು ಸಲ ಹೇಳಿದ್ರೆ ನಮ್ಮ ನಾಯಿಗೂ ಅರ್ಥ ಆಗುತ್ತೆ."

"ನಮ್ಮ ನಾಯೀನ ಎತ್ತಬೇಡ. ಅದರ ಬಾಲ ಇನ್ನೂ ಡೊಂಕಾಗೇ ಇದೆ."

ನನ್ನ ಮಾತು ಗಾಳಿಮಾತಲ್ಲ. ಎಳೆಯ ವಯಸ್ಸಿನಲ್ಲೇ ಶಾಲೆಗೆ ಬೆನ್ನು ತೋರಿಸಿದವನು ನಾನು. ಆಮೇಲೆ ತಲೆಗೆ ಹೋದದ್ದೆಲ್ಲ ಸ್ವಂತ ದುಡಿಮೆ. ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ ಒಂದು ವಿಜ್ಞಾನದ ಪುಸ್ತಕ ತಂದಿದ್ದೆ. ಅದರಲ್ಲಿ ಜಿರಾಫೆಯ ಚಿತ್ರ ಇತ್ತು. ಜಿರಾಫೆ ಎತ್ತರದ ಎಲೆಗೆ ಕತ್ತು ಚಾಚಿತು, ಚಾಚಿ ಚಾಚಿ ಕತ್ತು ಉದ್ದವಾಯಿತು, ಆ ಉದ್ದ ಮರಿಗೆ ಬಂತು, ಮರಿ ಇನ್ನಷ್ಟು ಚಾಚಿತು. ಎಷ್ಟು ಚೆಂದ! ಪುಟದ ಕೊನೆಯಲ್ಲಿ "ಎಂದು ಹಿಂದಿನ ಪಂಡಿತರು ತಿಳಿದಿದ್ದರು. ಆದರೆ" ಅಂತ ಇತ್ತು. ಅಲ್ಲಿಂದ ಮುಂದಿನದನ್ನೆಲ್ಲ ಹುಳ ತಿಂದಿತ್ತು. ಆ "ಆದರೆ"ಯನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಪಂಡಿತರು ಎಲ್ಲದರ ಹಿಂದೆಯೂ ಒಂದು ಆದರೆ ಅಂಟಿಸುತ್ತಾರೆ. ಅದು ಅವರ ಬಾಲ.

ನಗುವ ವಿಷಯ ಇಷ್ಟೇ ಆಗಿದ್ದರೆ ನಾನು ನಿಮ್ಮ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಇದರ ಒಳಗೆ ನನ್ನ ಮಗಳು ಐಯೋನಾ ಸಿಕ್ಕಿಕೊಂಡಿದ್ದಳು.

ಐಯೋನಾ ಪಟ್ಟಣದಲ್ಲಿ ಬೇಕರಿ ನಡೆಸುತ್ತಿದ್ದವಳು. ಬೇಕರಿ ಮುಚ್ಚಿತು. ಅದೇ ಹೊತ್ತಿಗೆ ನನ್ನ ಮಂಡಿಗಳು ಕೈಕೊಟ್ಟವು, ಕೈಗಳು ಗಂಟುಕಟ್ಟಿದವು. "ಮಂದೆ ನಾನು ನೋಡ್ಕೋತೀನಿ" ಅಂತ ಅವಳು ಬಂದಳು. ಬಂದ ಮೊದಲ ದಿನವೇ ಕೇಳಿದಳು:

"ಅಪ್ಪಾ, ಕುರಿ ಈಯುವಾಗ ಏನೇನು ನೋಡ್ಬೇಕು, ಹೇಳ್ಕೊಡು."

"ಹೇಳ್ಕೊಡೋದೇನು? ನಿಂತು ನೋಡ್ತಾ ಇರು. ತಾನಾಗೇ ಬರುತ್ತೆ."

"ಎಲ್ಲಿಂದ ಬರುತ್ತೆ?"

"ರಕ್ತದಿಂದ. ನಮ್ಮಪ್ಪ ನನಗೆ ಒಂದೇ ಒಂದು ಮಾತು ಹೇಳ್ಕೊಟ್ಟವನಲ್ಲ. ನನಗೆ ಬರ್ಲಿಲ್ವಾ?"

"ರಕ್ತದಿಂದ ನನಗೆ ಬಂದಿದ್ದು ನಿನ್ನ ಮೂಗೊಂದೇ ಅಪ್ಪಾ. ಅದೂ ನಾನು ಕೇಳದೇ ಬಂದಿದ್ದು."

ನಾನು ನಕ್ಕುಬಿಟ್ಟೆ. ಒಂದು ವಾರದೊಳಗೆ ಒಂದು ಕುರಿ ಅವಳ ಕಣ್ಣೆದುರೇ ಬೇನೆ ತಿಂದು ಸತ್ತಿತು. ಮರಿ ಹೊಟ್ಟೆಯಲ್ಲೇ ಉಳಿಯಿತು. ಅವಳು ಇಬ್ಬನಿಯ ಹುಲ್ಲಿನ ಮೇಲೆ ಅದರ ಪಕ್ಕದಲ್ಲಿ ಕೂತೇ ಇದ್ದಳು. "ಮುಂದಿನ ಸಲ ಸರಿಹೋಗುತ್ತೆ, ಬಿಡು" ಅಂದೆ. ಅವಳು ನನ್ನ ಮುಖವನ್ನು ನೋಡಲಿಲ್ಲ.

ಅಂದು ಊಟಕ್ಕೆ ಕೂತಾಗ ಬ್ರೈಡಿ ಚಮಚ ಕೆಳಗಿಟ್ಟಳು. ಅವಳು ಚಮಚ ಕೆಳಗಿಟ್ಟಳೆಂದರೆ ತೀರ್ಪು ಬರುತ್ತದೆ.

"ಕೇಳು ಮುದುಕಾ. ಈ ಹಂಗಾಮು ಮುಗಿಯೋದ್ರೊಳಗೆ ಇವಳಿಗೆ ಕೆಲಸ ಬರ್ಲಿಲ್ಲ ಅಂದ್ರೆ ಮಂದೆ ಮಾರಿಬಿಡ್ತೀವಿ. ಇವಳು ವಾಪಸ್ ಹೋಗಿ ಇನ್ನೊಬ್ಬರ ಒಲೆ ಮುಂದೆ ನಿಂತ್ಕೊಳ್ಳಲಿ. ಕಣ್ಣೆದುರಿಗೆ ಜೀವ ಹೋಗೋದನ್ನ ನೋಡ್ತಾ ಕೂರೋದಕ್ಕಿಂತ ಅದೇ ವಾಸಿ. ಇಲ್ಲ, ನೀನು ಕಲಿಸು."

ಮಂದೆ ಮಾರುವುದು! ಟಾರ್ಕಿಲನ ಮಂದೆ! ಹಾಗಂತ ಗಿಲ್ಫಿಲನ್ ಗಂಡಸು ತನ್ನ ತಪ್ಪು ಒಪ್ಪಿಕೊಂಡಾನೆಯೇ?

"ಪಂಥ ಕಟ್ಟೋಣ" ಅಂದೆ. "ಬಾಲವಿಲ್ಲದ ಮರಿ ಒಂದೇ ಒಂದು ಹುಟ್ಟಿದ್ರೆ, ಮಾಡಿದ ಕೆಲಸ ರಕ್ತಕ್ಕೆ ಇಳಿಯುತ್ತೆ ಅಂತ ಒಪ್ಪಬೇಕು. ಇವಳಿಗೆ ತಾನಾಗೇ ಬರೋ ತನಕ ಮಾರೋ ಮಾತು ಎತ್ತಬಾರದು."

"ಹುಟ್ಟದಿದ್ರೆ?"

"ಮಂಡಿಯೂರಿ ಕೂತು ಮೊದಲಿಂದ ಕಲಿಸ್ತೀನಿ!"

"ಆ ಮಂಡೀಲಾ?" ಅಂದಳು ಬ್ರೈಡಿ. "ಆಯ್ತು. ಒಂದು ಮಾತು ಹೇಳು. ನಿಮ್ಮ ಮಂಗೋ ಅಜ್ಜನಿಗೆ ಎರಡು ಬೆರಳು ಇರ್ಲಿಲ್ಲ. ನಿಮ್ಮಪ್ಪ ಹತ್ತು ಬೆರಳು ಇಟ್ಕೊಂಡು ಯಾಕೆ ಹುಟ್ಟಿದ?"

"ಅದು... ಒಬ್ಬನದ್ದು. ನಾಲ್ಕು ತಲೆಮಾರು ಬೇಕು."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ನಿಮ್ಮಜ್ಜ ಬಾಲಾನ ಸುಟ್ಟೇ ನೋಡಿದ. ಹೋಯ್ತಾ?"

ಐಯೋನಾ ಮೇಜಿನ ಮೇಲಿದ್ದ ಉಬ್ಬಿದ ಬ್ರೆಡ್ ರೊಟ್ಟಿಯನ್ನು ಕೊಯ್ಯುತ್ತಿದ್ದಳು. ಮೆಲ್ಲಗೆ ಅಂದಳು: "ಅಪ್ಪಾ, ನಾನು ಇಷ್ಟು ವರ್ಷ ದಿನಾ ಬೆಳಿಗ್ಗೆ ರೊಟ್ಟಿ ಕತ್ತರಿಸಿದೀನಿ. ಹಿಂದಿನ ದಿನ ಎತ್ತಿಟ್ಟ ಹುಳಿಹಿಟ್ಟಿಗೆ ಅದು ಗೊತ್ತೇ ಆಗಲ್ಲ. ಮಾರನೇ ದಿನ ಮತ್ತೆ ಇಡೀ ರೊಟ್ಟೀನೇ ಬರುತ್ತೆ. ಬಾಲ ಕತ್ತರಿಸೋದೂ ಹಾಗೇ ಅಲ್ವಾ? ನೀವು ಕತ್ತರಿಸಿದ್ದು ರೊಟ್ಟೀನ. ಹಿಟ್ಟನ್ನ ಯಾರೂ ಮುಟ್ಟಲಿಲ್ಲ."

"ಕುರಿ ವಿಷಯದಲ್ಲಿ ಹಿಟ್ಟಿನ ವಿಷಯ ತರಬೇಡ" ಅಂತ ಗದರಿಸಿ ಮಲಗಲು ಹೋದೆ. ಆದರೆ ಆ ಹಿಟ್ಟು ನನ್ನ ತಲೆಯೊಳಗೆ ಉಬ್ಬುತ್ತಲೇ ಇತ್ತು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾಲ್ಕಾರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಹುಲ್ಲೆಲ್ಲ ಹಿಮ ಕೂತು ಬೆಳ್ಳಗಾಗಿದ್ದಾಗ, ಬೇಲಿಮೂಲೆಯಲ್ಲಿ ಅದು ಹುಟ್ಟಿಬಿಟ್ಟಿತು!

ನಮ್ಮಲ್ಲಿ ಒಂದು ಮುದಿ ಕುರಿ ಇದೆ. ನಡಿಗೆಯ ಗತ್ತಿಗೆ ನಾವೆಲ್ಲ ಅದನ್ನು ದೊರೆಸಾನಿ ಅನ್ನುತ್ತೇವೆ. ದೊರೆಸಾನಿಯ ಮುಂದೆ ಆಗತಾನೇ ಹುಟ್ಟಿದ ಮರಿ ನಡುಗುತ್ತಾ ನಿಂತಿತ್ತು. ಹಿಂದೆ ನೋಡಿದೆ. ಬಾಲ ಇರಬೇಕಾದಲ್ಲಿ ಒಂದು ಮೊಟಕು! ಕಣ್ಣುಜ್ಜಿ ಮತ್ತೆ ನೋಡಿದೆ. ಮೊಟಕೇ! ಚೂರು ರಕ್ತ ಇತ್ತು, ನಿಜ. ಹುಟ್ಟು ಅಂದಮೇಲೆ ರಕ್ತ ಇರದೇ ಇರುತ್ತದೆಯೇ? ದೊರೆಸಾನಿ ಏನನ್ನೋ ಮೆಲ್ಲುತ್ತಾ ಮಹಾ ಗಂಭೀರವಾಗಿ ನನ್ನನ್ನು ನೋಡಿದಳು. ಹೆರಿಗೆಯಲ್ಲಿ ಬಿದ್ದ ಮಾಸನ್ನು ತಿನ್ನುತ್ತಿದ್ದಾಳೆ ಅಂದುಕೊಂಡೆ. ಒಂದು ಮಹಾಸತ್ಯ ಕಾಲಬುಡದಲ್ಲಿ ನಿಂತಿರುವಾಗ ಕುರಿಯ ಬಾಯಲ್ಲಿ ಏನಿದೆ ಅಂತ ಯಾರು ನೋಡುತ್ತಾರೆ?

ಮರಿಯನ್ನು ಕೋಟಿನೊಳಗೆ ತುರುಕಿಕೊಂಡು, ಮಂಡಿನೋವು ಮರೆತು, ಮನೆಗೆ ಓಡಿದೆ. ದೊರೆಸಾನಿ ಅರಚುತ್ತಾ ಅಂಗಳದ ಬೇಲಿಯ ತನಕ ಹಿಂದೆಯೇ ಬಂದಳು. ಮರಿಯನ್ನು ಬ್ರೈಡಿಯ ಹೊಸ ಜಮಖಾನದ ಮೇಲೆ ಇಳಿಸಿದೆ. ಅದು ಇಳಿದ ತಕ್ಷಣ ಮಾಡಬೇಕಾದ್ದನ್ನು ಮಾಡಿತು.

"ಡೂಗಲ್! ನನ್ನ ಜಮಖಾನ!"

"ಜಮಖಾನ ತೊಳೆದ್ರೆ ಹೋಗುತ್ತೆ ಕಣೇ, ಇತಿಹಾಸ ತೊಳೆದ್ರೂ ಹೋಗಲ್ಲ! ಇದರ ಹಿಂಭಾಗ ನೋಡು!"

"ಅದನ್ನೇ ನೋಡ್ತಿದೀನಿ! ಅಲ್ಲಿಂದಲೇ ಬರ್ತಾ ಇದೆ!"

ಐಯೋನಾ ಬಗ್ಗಿ ಮೊಟಕನ್ನು ಮುಟ್ಟಿ ನೋಡಿದಳು. "ಅಪ್ಪಾ, ಇದು ಹಸಿ ಗಾಯದ ಹಾಗಿದೆ."

"ಹೊಕ್ಕುಳೂ ಹಾಗೇ ಇರುತ್ತೆ. ಪ್ರಕೃತಿ ಆಗತಾನೇ ಬಾಗಿಲು ಮುಚ್ಚಿದೆ, ಬಣ್ಣ ಇನ್ನೂ ಒಣಗಿಲ್ಲ!"

ನಾನು ಫೋನಿಗೆ ಹಾರಿದೆ. ಮೊದಲು ಪಕ್ಕದ ಜಮೀನಿನ ಕ್ಲೆಮ್. ಅವನು ಮನೆಚಪ್ಪಲಿಯಲ್ಲೇ ಪಿಕಪ್ ಗಾಡಿ ಹತ್ತಿ ಬಂದ. ಬರುವಾಗ ದಾರಿಯವರಿಗೆಲ್ಲ ಡಂಗುರ ಹೊಡೆದೇ ಬಂದ. ಚಳಿಗಾಲದಲ್ಲಿ ಮರಂಡೂಲಿನ ಜನಕ್ಕೆ ಬೇರೆ ಕೆಲಸವಾದರೂ ಏನು? ಒಂದರ ಬಾಲಕ್ಕೆ ಒಂದು ಅಂಟಿದ ಹಾಗೆ ಗಾಡಿಗಳು ಅಂಗಳ ತುಂಬಿದವು. ಬ್ರೈಡಿ ಸಿಡಿಮಿಡಿಗುಟ್ಟುತ್ತಾ ಎಲ್ಲರಿಗೂ ಚಹಾ ಕಾಯಿಸಿದಳು. ಬಂದವರು ನಾಳೆಯ ಸ್ಕೋನ್‌ಗಳನ್ನೂ ಇವತ್ತೇ ಮುಗಿಸಿದರು. ಮರಿ ಯಾರದೋ ಹಾಲಿನ ಲೋಟ ಉರುಳಿಸಿತು, ಮೇಜುಬಟ್ಟೆಯ ಅಂಚು ಚೀಪಿತು. ಕೊನೆಗೆ ನನ್ನ ಪ್ಯಾಂಟಿನಿಂದ ಹೊರಗೆ ಜೋತಿದ್ದ ಅಂಗಿಯ ಬಾಲವನ್ನು ಬಾಯಿಗೆ ಹಾಕಿಕೊಂಡಿತು.

ನಾನು ಕುರ್ಚಿ ಹತ್ತಿದೆ. "ಮರಂಡೂಲಿನ ಮಹಾಜನರೇ! ಟಾರ್ಕಿಲ್ ಕತ್ತರಿಸಿದ! ಮಂಗೋ ಸುಟ್ಟ! ಫರ್ಗಸ್ ಕೊಯ್ದ! ಡೂಗಲ್ ಉಂಗುರ ತೊಡಿಸಿದ! ಇವತ್ತು ಪ್ರಕೃತಿ ಸೋತು ಶರಣಾಗಿದೆ!"

ಕ್ಲೆಮ್ ಸ್ಕೋನ್ ಅಗಿಯುತ್ತಾ ಅಂದ: "ಅಲ್ಲಯ್ಯಾ, ಮನುಷ್ಯ ಮಂಗನಿಂದ ಬಂದ ಅನ್ನೋರೂ ಇಂಥ ಪುಸ್ತಕ ಓದಿದೋರೇ ತಾನೇ? ಹಾಗೆ ಬಂದಿದ್ರೆ ಇನ್ನೂ ಮಂಗಗಳು ಯಾಕೆ ಉಳ್ಕೊಂಡಿವೆ?"

"ನೀನು ನಿನ್ನ ದಾಯಾದಿಯಿಂದ ಹುಟ್ಟಿದೀಯಾ ಕ್ಲೆಮ್?" ಅಂದಳು ಬ್ರೈಡಿ, ಚಹಾ ಸುರಿಯುತ್ತಾ. "ಇಬ್ಬರಿಗೂ ಒಬ್ಬ ಮುತ್ತಜ್ಜ ಇದ್ದ, ಅಷ್ಟೇ. ಮಂಗಾನೂ ನಮ್ಮ ದಾಯಾದಿ. ನೀನು ಇದೀಯ ಅಂತ ನಿನ್ನ ದಾಯಾದಿ ಸಾಯ್ಬೇಕಾ?"

"ಗಿಲ್ಫಿಲನ್‌ಗಳ ವಿಷಯದಲ್ಲಿ ಮಾತ್ರ ಅನುಮಾನಾನೇ ಇಲ್ಲ ಬಿಡು" ಅಂದ ಕ್ಲೆಮ್. "ಇವರು ನೇರ ಮಂಗೋನಿಂದಲೇ ಬಂದೋರು."

ಅಡುಗೆಮನೆ ನಕ್ಕು ಉರುಳಿತು. ನಾನು ಗಂಟಲು ಸರಿಮಾಡಿಕೊಂಡು ಭಾಷಣದ ಎರಡನೇ ಭಾಗಕ್ಕೆ ಇಳಿಯಬೇಕು, ಅಷ್ಟರಲ್ಲಿ ಕಿಟಕಿಯ ಹತ್ತಿರ ನಿಂತಿದ್ದ ಐಯೋನಾ ಅಂದಳು:

"ಅಪ್ಪಾ, ದೊರೆಸಾನಿ ಸರಿಯಿಲ್ಲ."

"ಮರೀನ ಕೇಳ್ತಿದಾಳೆ, ಅಷ್ಟೇ."

"ಇಲ್ಲ. ಮಲಗ್ತಾಳೆ, ಏಳ್ತಾಳೆ, ಮತ್ತೆ ಮಲಗ್ತಾಳೆ. ಕತ್ತು ಹಿಂದಕ್ಕೆ ಎಸೀತಾ ಇದಾಳೆ. ಅವತ್ತು ಸತ್ತಿದ್ದೂ ಹೀಗೇ ಮಾಡಿತ್ತು." ಅವಳು ಆಗಲೇ ಸೋಪಿಗೆ ಕೈ ಚಾಚಿದ್ದಳು. "ಒಳಗೆ ಇನ್ನೊಂದಿದೆ."

ಕುರ್ಚಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಎಲ್ಲರೂ ಬೇಲಿಗೆ ಓಡಿದೆವು. ಹೌದು, ಒಳಗೆ ಇನ್ನೊಂದಿತ್ತು. ಮೂಗಿನ ತುದಿ ಕಾಣುತ್ತಿತ್ತು, ಒಂದು ಗೊರಸು ಕಾಣುತ್ತಿತ್ತು. ಇನ್ನೊಂದು ಕಾಲು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ದೊರೆಸಾನಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ನಾನು ಅಂಗಿಯ ತೋಳು ಮಡಚಿದೆ. ನನ್ನ ಕೈ ನೋಡಿಕೊಂಡೆ. ಶುಂಠಿಯ ಬೇರಿನ ಹಾಗೆ ಗಂಟುಗಂಟಾದ ಈ ಕೈ ಒಳಗೆ ಹೋಗುವಂಥದ್ದಲ್ಲ. ಕ್ಲೆಮ್‌ನ ಕೈ ಸಲಿಕೆಯಷ್ಟು ಅಗಲ. ಐಯೋನಾ ಆಗಲೇ ಮೊಣಕೈ ತನಕ ಸೋಪು ಹಚ್ಚಿಕೊಂಡು ಬಂದು ಕೂತಿದ್ದಳು. ನನ್ನ ಕಡೆ ತಿರುಗಿದಳು.

"ಅಪ್ಪಾ. ಈಗ ಹೇಳ್ತೀಯಾ, ರಕ್ತ ಹೇಳೋ ತನಕ ಕಾಯ್ಲಾ?"

ನಾನು ಅವಳ ಪಕ್ಕದಲ್ಲಿ ಕುಸಿದು ಕೂತೆ.

"ಎಳೀಬೇಡ! ಮೊದಲು ಹಿಂದಕ್ಕೆ ತಳ್ಳು."

"ತಳ್ಳೋದಾ? ಹೊರಗೆ ಬರಬೇಕಾದ್ದನ್ನ?"

"ಬೇನೆ ನಿಂತಾಗ, ಮೆಲ್ಲಗೆ. ಒಳಗೆ ಜಾಗ ಆಗ್ಬೇಕು. ಈಗ ಕತ್ತು ಹಿಡ್ಕೊಂಡು ಭುಜಕ್ಕೆ ಹೋಗು. ಸಿಕ್ತಾ? ಅಲ್ಲಿಂದ ಕೆಳಗೆ ಮಂಡಿ."

"ಸಿಕ್ತು... ಚೆನ್ನಾಗಿ ನಾದಿದ ಹಿಟ್ಟಿನ ಥರ ಇದೆ ಅಪ್ಪಾ, ಜಾರುತ್ತೆ."

"ಹಿಟ್ಟೇ ಅಂದ್ಕೋ. ಹರೀಬಾರದು. ಮಂಡಿ ಮಡಚು, ಗೊರಸನ್ನ ಅಂಗೈಯಲ್ಲಿ ಮುಚ್ಕೋ, ಒಳಗೆ ಗೀರಬಾರದು. ಹಾಗೇ ಮುಂದಕ್ಕೆ ತಾ. ಅವಸರ ಮಾಡ್ಬೇಡ. ತಾ... ತಾ..."

ಅವಳ ತೋಳು ಅಲುಗುವುದನ್ನು ನೋಡುತ್ತಾ ನನ್ನ ಕೈ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ಅದು ಅವಳ ಮೊಣಕೈ ಮೇಲೆ ಕೂತಿತ್ತು. ಈಗ ತಳ್ಳು, ಈಗ ತಡಿ ಅಂತ ಒತ್ತುತ್ತಿತ್ತು. ಆ ಒತ್ತು ನನ್ನದಲ್ಲ. ಅಪ್ಪನದು. ಇದೇ ಬೇಲಿ, ಇದೇ ಚಳಿ, ನನ್ನ ಪುಟ್ಟ ಕೈಯ ಮೇಲೆ ಅವನ ಬಿಸಿ ಕೈ. ಎಲ್ಲಿ ಬಿಗಿ ಹಿಡಿಯಬೇಕೋ ಅಲ್ಲಿ ಅವನ ಹೆಬ್ಬೆರಳು ನನ್ನ ಹೆಬ್ಬೆರಳನ್ನು ಒತ್ತುತ್ತಿತ್ತು. ಹೌದು, ಅಪ್ಪ ಒಂದು ಮಾತನ್ನೂ ಹೇಳಿಕೊಟ್ಟಿರಲಿಲ್ಲ. ಚಳಿಗಾಲದ ಮೇಲೆ ಚಳಿಗಾಲ ನನ್ನ ಕೈ ಹಿಡಿದು ಕೂತಿದ್ದ. ಮಾತಿರಲಿಲ್ಲವಲ್ಲ, ಅದಕ್ಕೆ ನಾನು ಅದನ್ನು ಕಲಿಸುವುದು ಅಂತ ಲೆಕ್ಕಕ್ಕೆ ಹಿಡಿಯಲೇ ಇಲ್ಲ. ರಕ್ತ ಅಂದುಕೊಂಡೆ.

"ಬಂತು!" ಅಂದಳು ಐಯೋನಾ.

"ಬೇನೆ ಬಂದಾಗ ಎಳಿ. ಕೆಳಮುಖವಾಗಿ!"

ಮರಿ ಜಾರಿ ಹುಲ್ಲಿಗೆ ಬಿತ್ತು. ಐಯೋನಾ ಅದರ ಮೂಗು ಒರೆಸಿ ಎದೆ ತಿಕ್ಕಿದಳು. ಅದು ಸೀನಿತು. ಬೇಲಿಯ ಮೇಲೆ ಒರಗಿದ್ದ ಜನ ಚಪ್ಪಾಳೆ ಹೊಡೆದರು. ನನ್ನ ಮಗಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೂ ಗೊತ್ತಿರಲಿಲ್ಲ.

ಆಗ ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ಈ ಮರಿಗೆ ಬಾಲ ಇತ್ತು. ಅದೂ ಸಾಧಾರಣ ಬಾಲವಲ್ಲ. ಚರ್ಚಿನ ಗಂಟೆಗೆ ಹಗ್ಗವಾಗಿ ಕಟ್ಟಬಹುದಾದಂಥ ಬಾಲ!

"ಇವನಿಗೆ ಸುದ್ದಿ ಇನ್ನೂ ತಲುಪಿಲ್ಲ" ಅಂದೆ ನಾನು. "ಪ್ರಕೃತಿ ಒಂದೊಂದಾಗಿ ತಿದ್ದುತ್ತೆ. ಮೊದಲನೇದನ್ನ..."

ಅಷ್ಟರಲ್ಲಿ ದೊರೆಸಾನಿ ಮೆಲ್ಲಗೆ ಎದ್ದು, ಮರಿಯ ಸುತ್ತ ಬಂದು, ತಾಯಿಯ ಮಮತೆಯನ್ನೆಲ್ಲ ನಾಲಿಗೆಗೆ ತಂದುಕೊಂಡು ನೆಕ್ಕಲು ಶುರುಮಾಡಿದಳು. ಬೇರೆ ಕುರಿಗಳು ಮುಖದಿಂದ ಶುರುಮಾಡುತ್ತವೆ. ನಮ್ಮ ದೊರೆಸಾನಿ ಬಾಲದಿಂದ ಶುರುಮಾಡಿದಳು. ನೆಕ್ಕಿದಳು. ಚೀಪಿದಳು. ಆಮೇಲೆ ಕಣ್ಣು ಅರೆಮುಚ್ಚಿ, ಸೌತೆಕಾಯಿ ಕಡಿಯುವ ಹಾಗೆ, ಕರಕ್ ಎಂದು ಕಡಿದಳು!

"ಹಿಡಿ! ಹಿಡಿ! ಗದ್ದ ಹಿಡಿದು ತಲೆ ತಿರುಗಿಸು!" ಅಂತ ಅರಚಿದೆ. ಐಯೋನಾ ಗದ್ದ ಹಿಡಿದು ತಲೆ ತಿರುಗಿಸಿದಳು. ಆ ಭಾರೀ ಕುರಿ ಮೂಟೆಯ ಹಾಗೆ ಅವಳ ತೊಡೆಗೆ ಒರಗಿ ಕೂತಿತು. ಎಷ್ಟು ಸಲೀಸು! ಮರಿಯ ಬಾಲ ಮುಕ್ಕಾಲು ಉಳಿಯಿತು. ಉಳಿದ ಕಾಲು ಭಾಗವನ್ನು ದೊರೆಸಾನಿ ಅದೇ ಗಾಂಭೀರ್ಯದಿಂದ ಮೆಲ್ಲುತ್ತಾ ನನ್ನನ್ನೇ ನೋಡಿದಳು. ಬೆಳಿಗ್ಗೆ ನೋಡಿದ ಹಾಗೆಯೇ.

ಗೊಬ್ಬಳಿ ಮರದ ಮೇಲಿಂದ, ಮನುಷ್ಯರು ನಗುವ ಹಾಗೆಯೇ ಕೂಗುವ ಕೂಕಬರಾ ಹಕ್ಕಿ ಮೊದಲು ನಕ್ಕಿತು. ಆಮೇಲೆ ಕ್ಲೆಮ್. ಆಮೇಲೆ ಇಡೀ ಮರಂಡೂಲು.

"ಟಾರ್ಕಿಲ್ ಕತ್ತರಿಸಿದ!" ಅಂತ ಕ್ಲೆಮ್ ಹೊಟ್ಟೆ ಹಿಡಿದುಕೊಂಡು ಕೂಗಿದ. "ಮಂಗೋ ಸುಟ್ಟ! ದೊರೆಸಾನಿ ತಿಂದಳು!"

ಬ್ರೈಡಿ ಮಾತ್ರ ನಗಲಿಲ್ಲ. ಮಗಳನ್ನೂ ಅವಳ ತೊಡೆಗೆ ಒರಗಿದ ಕುರಿಯನ್ನೂ ನೋಡುತ್ತಾ ನಿಂತಿದ್ದಳು. "ಬಾಲವಿಲ್ಲದ ಮರಿ ಬೇಕಿದ್ರೆ ಹೀಗಲ್ಲ ಕಣಯ್ಯಾ" ಅಂದಳು. "ನನ್ನ ಕೋಳಿ ವಿಷಯದಲ್ಲಿ ನಾನು ಏನ್ ಮಾಡ್ತೀನಿ? ಬೇಕಾದ ಗುಣ ಇಟ್ಕೊಂಡು ಹುಟ್ಟಿದ್ದನ್ನ ಆರಿಸಿ ಅದರ ಮೊಟ್ಟೇನೇ ಕಾವಿಗೆ ಇಡ್ತೀನಿ. ಮೋಟು ಬಾಲದ್ದನ್ನೇ ಆರಿಸಿ ಆರಿಸಿ ಮರಿ ಪಡೆದಿದ್ರೆ ನಾಲ್ಕು ತಲೆಮಾರಲ್ಲಿ ಏನಾದ್ರೂ ಆಗಿರೋದು. ನೀವು ಉದ್ದದ್ದು ಗಿಡ್ಡದ್ದು ಅಂತ ನೋಡದೆ ಎಲ್ಲವನ್ನೂ ಸಮ ಮಾಡಿಬಿಟ್ರಿ. ಪ್ರಕೃತಿ ಯಾವುದನ್ನ ಆರಿಸ್ಬೇಕು?"

"ನನ್ನ ಪುಸ್ತಕದಲ್ಲಿ..." ಅಂದೆ.

"ನಿನ್ನ ಪುಸ್ತಕದಲ್ಲಿ 'ಆದರೆ' ಅಂತ ಇತ್ತಲ್ಲ," ಅಂದಳು. "ನಾನೀಗ ಹೇಳಿದ್ದು ಅದರ ಮುಂದಿನದು."

ಐಯೋನಾ ಕುರಿಯನ್ನು ಬಿಡದೆಯೇ ನನ್ನ ಕಡೆ ತಿರುಗಿದಳು. ಅವಳ ಮೂಗು, ಅಂದರೆ ನನ್ನ ಮೂಗು, ಚಳಿಗೆ ಕೆಂಪಾಗಿತ್ತು. "ಅಪ್ಪಾ, ನಾಳೆ ಏನು ಕಲಿಸ್ತೀಯಾ?"

"ಇವಳಿಂದ ಮರಿ ಬಾಲ ಕಾಪಾಡೋದು ಹೇಗೆ ಅಂತ" ಅಂದೆ. "ಕತ್ತರಿಸೋದನ್ನ ಆಮೇಲೆ ನೋಡೋಣ."

"ಮಂದೆ?" ಅಂತ ಬ್ರೈಡಿಯ ಮುಖ ನೋಡಿದಳು.

"ಕುರಿ ಹಿಡಿದಿರೋ ಕೈ ನೋಡು" ಅಂದಳು ಬ್ರೈಡಿ. "ಇಂಥ ಕೈ ಇರುವಾಗ ಮಂದೆ ಯಾರು ಮಾರ್ತಾರೆ?" ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೊದಲ ಸಲ ನಕ್ಕಳು. "ಪಂಥ ನೆನಪಿದೆಯಾ ಮುದುಕಾ? ಸೋತೋನು ಹೇಗೆ ಕೂತು ಕಲಿಸ್ಬೇಕು ಅಂತ ಮಾತಾಗಿತ್ತು?"

ಆಗಲೇ ನನಗೆ ಗೊತ್ತಾದದ್ದು. ಇಷ್ಟು ಹೊತ್ತೂ ನಾನು ಮಂಡಿಯೂರಿಯೇ ಕೂತಿದ್ದೆ. ಕೆಸರಿನಲ್ಲಿ, ಇಡೀ ಊರಿನ ಮುಂದೆ! ಏಳಲು ನೋಡಿದೆ. ಬಲಮಂಡಿ ಬೇಡ ಅಂದಿತು. ಎಡಮಂಡಿ ಅದರ ಮಾತಿಗೆ ಹೂಂ ಅಂದಿತು. ಒಂದು ಕಡೆಯಿಂದ ಬ್ರೈಡಿ ಕೈ ಚಾಚಿದಳು, ಇನ್ನೊಂದು ಕಡೆಯಿಂದ ಐಯೋನಾ. ಬೇಲಿ ಹಾರಿ ಕ್ಲೆಮ್ ಕೂಡ ಬಂದ, ಮನೆಚಪ್ಪಲಿಯಲ್ಲೇ.

ನಾನು ಹಿಮ ಕರಗಿದ ಒದ್ದೆ ಹುಲ್ಲಿಗೆ ಎರಡೂ ಅಂಗೈ ಊರಿದೆ. ನಾಲ್ಕು ಕಾಲಿನ ಮೇಲೆ ನಿಂತು ಹೇಳಿದೆ:

"ಬೇಡ! ಯಾರೂ ಮುಟ್ಟಬೇಡಿ! ಬಾಲ ಮುದುರ್ಕೊಳ್ಳೋಕೆ ನನಗೆ ಯಾರ ಸಹಾಯವೂ ಬೇಕಾಗಿಲ್ಲ. ಅದು ನಮ್ಮ ರಕ್ತದಲ್ಲೇ ಇದೆ!"